ಗುಲಾಬಿ ಬಣ್ಣದ ಬರ್ಗರ್ ಮತ್ತು ಬೈಸಿಕೊಳ್ಳುವ ಪಾನಿಪೂರಿಯವನು

ಮುಂಬೈಯ ಬಾಂದ್ರಾ ಕಡೆಯ ಕೆಲವು ಹೋಟೆಲುಗಳಲ್ಲಿ ಈಗ ಬರ್ಗರ್ ಎಷ್ಟು ಬೇಯಿಸಬೇಕು ಅಂತ ಕೇಳುತ್ತಾರೆ. ಮಾಟುಂಗಾದ ಇಡ್ಲಿ ತಿಂದು ಬೆಳೆದ ನಮ್ಮ ಹುಡುಗರೂ ಮೀಡಿಯಂ ರೇರ್, ಅಂದರೆ ನಡುವೆ ಅರೆಬೆಂದದ್ದು, ಅಂತ ಹೇಳಿ, ಒಳಗಿನ ಗುಲಾಬಿ ಬಣ್ಣದ ಫೋಟೋ ಹಾಕುತ್ತಾರೆ. (ಬೀಫ್ ತಿನ್ನಬೇಕೋ ಬೇಡವೋ ಅನ್ನುವ ಜಗಳ ಕಾಮೆಂಟಿನಲ್ಲಿ ಬೇಡ. 2015ರಿಂದ ಮಹಾರಾಷ್ಟ್ರದಲ್ಲಿ ಎತ್ತು ಕಡಿಯುವುದಕ್ಕೂ ನಿಷೇಧ ಇದೆ, ಇಲ್ಲಿ ಸಿಗುವುದು ಎಮ್ಮೆ, ಕೋಣದ್ದು. ನನ್ನ ಭಯ ಅರೆಬೆಂದ ಮಾಂಸದಲ್ಲಿ ಉಳಿಯುವ ಕಾಯಿಲೆಯ ಕ್ರಿಮಿಯದ್ದು, ಅದಕ್ಕೆ ಆ ಭೇದ ಇಲ್ಲ.)

ಸ್ಟೇಕ್ ಆದರೆ ನನ್ನ ತಕರಾರು ಅಷ್ಟಿಲ್ಲ. ಅದು ಕೊಚ್ಚದ ಮಾಂಸದ ತುಂಡು, ಕ್ರಿಮಿ ಇದ್ದರೂ ಸಾಮಾನ್ಯವಾಗಿ ಹೊರಮೈಯಲ್ಲೇ ಇರುತ್ತದೆ, ತವಾದ ಬಿಸಿಗೆ ಸಾಯುತ್ತದೆ. ಬರ್ಗರಿಗೆ ಮಾಡುವ ಹಾಗೆ ಕೊಚ್ಚಿ ಖೀಮಾ ಮಾಡಿದರೆ ಹೊರಗಿದ್ದದ್ದು ಒಳಗೆಲ್ಲ ಬೆರೆಯುತ್ತದೆ. ದೊಡ್ಡ ಕಾರ್ಖಾನೆಯಲ್ಲಂತೂ ಎಷ್ಟೋ ಪ್ರಾಣಿಗಳ ಮಾಂಸ ಒಂದೇ ಮಷೀನಿಗೆ ಬೀಳುತ್ತದೆ.

1993ರಲ್ಲಿ ಅಮೆರಿಕದ ಜಾಕ್ ಇನ್ ದ ಬಾಕ್ಸ್ ಹೋಟೆಲುಗಳ ಅರೆಬೆಂದ ಬರ್ಗರಿನಿಂದ 700ಕ್ಕೂ ಜಾಸ್ತಿ ಜನ ಕಾಯಿಲೆ ಬಿದ್ದರು. ಇ. ಕೋಲಿ ಒ157 ಅನ್ನುವ ಕ್ರಿಮಿ. ರಕ್ತಭೇದಿ ಆಗುತ್ತದೆ, ಕೆಲವು ಮಕ್ಕಳಿಗೆ ಕಿಡ್ನಿಯೇ ಕೈಕೊಡುತ್ತದೆ. ನಾಲ್ಕು ಮಕ್ಕಳು ಸತ್ತರು. ಅವರಲ್ಲಿ ಒಂದು ಕೂಸು ಬರ್ಗರ್ ಮುಟ್ಟಿಯೂ ಇರಲಿಲ್ಲ, ಇನ್ನೊಂದು ಮಗುವಿನಿಂದ ಅಂಟಿತ್ತು. ಮರುವರ್ಷವೇ ಈ ಕ್ರಿಮಿ ಇರುವ ಖೀಮಾ ಮಾರುವಂತಿಲ್ಲ ಅಂತ ಅಲ್ಲಿನ ಸರ್ಕಾರ ಹೇಳಿತು. 1996ರಲ್ಲಿ ಪಲ್ಸ್‌ನೆಟ್ ಶುರುವಾಯಿತು. ಬೇರೆ ಬೇರೆ ಊರಿನ ರೋಗಿಗಳಲ್ಲಿ ಸಿಕ್ಕ ಕ್ರಿಮಿಯ ಡಿಎನ್‌ಎ ಹೋಲಿಸಿ, ಇವರೆಲ್ಲ ಒಂದೇ ಮಾಂಸದಿಂದ ಮಲಗಿದರಾ ಅಂತ ನೋಡುವ ಲ್ಯಾಬುಗಳ ಜಾಲ ಅದು.

ನನ್ನ ಸಿಟ್ಟು ಇರುವುದು ಇಲ್ಲಿ. ನಮ್ಮಲ್ಲಿ ಮದುವೆ ಊಟ ತಿಂದು ನೂರು ಜನ ಒಟ್ಟಿಗೆ ವಾಂತಿ ಮಾಡಿದರೆ ಸುದ್ದಿ ಆಗುತ್ತದೆ, ಸರ್ಕಾರದ ಲೆಕ್ಕಕ್ಕೂ ಬರುತ್ತದೆ. ಅದೇ ಒಬ್ಬ ಡೊಂಬಿವಲಿಯಲ್ಲಿ, ಒಬ್ಬ ವಾಶಿಯಲ್ಲಿ, ಒಬ್ಬ ಅಂಧೇರಿಯಲ್ಲಿ ಮಲಗಿದರೆ ಯಾರು ಜೋಡಿಸುತ್ತಾರೆ? ಮಲ ಪರೀಕ್ಷೆ ಮಾಡಿಸುವವರೇ ಕಡಿಮೆ. ಸುಮ್ನೆ ಆಂಟಿಬಯೋಟಿಕ್ ನುಂಗುತ್ತೇವೆ, ಈ ಕ್ರಿಮಿಗೆ ಅದು ಸಾಮಾನ್ಯವಾಗಿ ಬೇಡ ಅನ್ನುತ್ತಾರೆ ತಿಳಿದವರು. ಮೇಲಾಗಿ ಲಕ್ಷಣ ಕಾಣಲು ಮೂರ್ನಾಲ್ಕು ದಿನ ಬೇಕು. ಅಷ್ಟರಲ್ಲಿ ಚೌಪಾಟಿ ಬೀಚಿಗೆ ಹೋಗಿ ಬಂದಿರುತ್ತೀರಿ, ಬೈಗುಳವೆಲ್ಲ ಪಾನಿಪೂರಿಯವನಿಗೆ!

ಮೊಹಮ್ಮದ್ ಅಲಿ ರೋಡಿನ ಖೀಮಾ ಪಾವ್ ಬಗ್ಗೆ ನನಗೆ ಈ ಭಯ ಇಲ್ಲ, ಅದು ಮಸಾಲೆಯಲ್ಲಿ ಕೊತಕೊತ ಕುದಿದಿರುತ್ತದೆ. ದಪ್ಪ ಬರ್ಗರಿನ ನಡುಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಬಣ್ಣ ನೋಡಿ ಹೇಳಲು ಬರುವುದಿಲ್ಲ, ಕೆಲವೊಮ್ಮೆ ಪೂರ್ತಿ ಬೇಯುವ ಮೊದಲೇ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಒಂದು ಬರ್ಗರಿಗೆ ಅಷ್ಟೊಂದು ದುಡ್ಡು ತಗೊಳ್ಳುವವರ ಅಡುಗೆಮನೆಯಲ್ಲಿ ಒಂದು ಥರ್ಮಾಮೀಟರ್ ಇರಬಾರದಾ?