ಪಾಲಿಶ್ ಪೇಪರಿನ ಪುಣ್ಯಪುರುಷ

ಅಂತೂ 2018ರ ಕೇಪ್‌ಟೌನ್ ಟೆಸ್ಟಿನಲ್ಲಿ ಚೆಂಡಿಗೆ ಪಾಲಿಶ್ ಪೇಪರ್ ಉಜ್ಜಿಸಿದ ತಪ್ಪಿಗೆ ಆಸ್ಟ್ರೇಲಿಯದ ಬ್ಯಾಟ್ಸ್‌ಮನ್ ಡೇವಿಡ್ ವಾರ್ನರ್ ಸಾಹೇಬರ ಮೇಲಿದ್ದ ನಾಯಕತ್ವದ ಆಜೀವ ನಿಷೇಧ 2024ರ ಅಕ್ಟೋಬರಿನಲ್ಲಿ ತೆರವಾಗಿತ್ತಲ್ಲ, ಆರೂವರೆ ವರ್ಷಕ್ಕೇ ಒಂದು ಜೀವಮಾನ ಮುಗಿದಿತ್ತು! ಮೂವರ ಸಮಿತಿ ಒಮ್ಮತದಿಂದ ಕ್ಷಮಿಸಿತು, ಹಿಂದೆಯೇ ಅಲ್ಲಿನ ಟಿ-ಟ್ವೆಂಟಿ ತಂಡ ಸಿಡ್ನಿ ಥಂಡರ್‌ನ ನಾಯಕತ್ವವೂ ಬಂತು. ಬೆಳಗಾವಿಯ ಚಹಾದಂಗಡಿಗಳಲ್ಲಿ ಇದಕ್ಕೆ ಯಾರ ತಕರಾರೂ ಇಲ್ಲ. "ಆಂವ ನಮ್ಮಂವ ಬಿಡೋ ಮಾರಾಯಾ, ತೆಲಗು ಹಾಡಿಗೆ ಎಷ್ಟ್ ಛಲೋ ಕುಣೀತಾನ" ಎಂಬಲ್ಲಿಗೆ ಪಂಚಾಯಿತಿ ಬರಖಾಸ್ತು.

ಕುಣಿಯಲಿ, ಬೇಡ ಅಂದವರ‍್ಯಾರು. ಆದರೆ 2016ರ ಮೇ 29ರ ರಾತ್ರಿ ಚಿನ್ನಸ್ವಾಮಿಯಲ್ಲಿ 38 ಎಸೆತಕ್ಕೆ 69 ಬಾರಿಸಿ, ನಮ್ಮ ಆರ್‌ಸಿಬಿಯನ್ನು 8 ರನ್ನಿಗೆ ಕೆಡವಿ ಐಪಿಎಲ್ ಕಪ್ ಹೊತ್ತೊಯ್ದ ಹೈದರಾಬಾದ್ ತಂಡದ ನಾಯಕರೂ ಇವರೇ. ಗೇಲ್, ಕೊಹ್ಲಿ ಮೊದಲ ವಿಕೆಟ್ಟಿಗೇ 114 ಹೊಡೆದಿದ್ದರು. 209 ಬೇಕಿತ್ತು, ಆದದ್ದು 200. ಆಮೇಲೆ ಬಂದವರು ಏನು ಮಾಡುತ್ತಿದ್ದರು ಅಂದರೆ... ಇರಲಿ, ಆ ಗಾಯ ಕೆರೆಯುವುದು ಬೇಡ. ಅದನ್ನೇ ಮರೆತವರಿಗೆ ಕೇಪ್‌ಟೌನ್ ಯಾವ ಲೆಕ್ಕ?

ಕೇಪ್‌ಟೌನ್ ಪ್ರಕರಣದಲ್ಲಿ ಮೋಸಕ್ಕಿಂತ ಹೆಚ್ಚು ನಾಚಿಕೆ ತರುವುದು ಅದರ ಕಳಪೆ ಕಸಬುಗಾರಿಕೆ. ನಮ್ಮ ಬೆಳಗಾವಿಯ ಆಟೋ ನಗರದಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಮೈದಾನವೂ ಇದೆ, ಗಾಡಿ ಗ್ಯಾರೇಜುಗಳೂ ಇವೆ. ಪೇಂಟಿಂಗ್ ಕೆಲಸದ ಯಾವ ಹುಡುಗನನ್ನು ಕೇಳಿದ್ದರೂ ಹೇಳುತ್ತಿದ್ದ: 80 ನಂಬರಿನ ಪೇಪರ್ ಉಜ್ಜಿದರೆ ಗೀರು ದೂರಕ್ಕೇ ಕಾಣುತ್ತದೆ, ನುಣುಪು ಬೇಕಾದರೆ 220ರ ಮೇಲೆ ಹೋಗು, ಹಳದಿ ಪೇಪರನ್ನಂತೂ ಬಿಳಿ ಬಟ್ಟೆಯ ಮೇಲೆ ಹಿಡಿಯಬೇಡ.

ಇಷ್ಟೆಲ್ಲ ಯಾತಕ್ಕೆ ಅಂದರೆ ರಿವರ್ಸ್ ಸ್ವಿಂಗಿಗೆ, ಅಂದರೆ ಹಳೆಯ ಚೆಂಡನ್ನು ಗಾಳಿಯಲ್ಲಿ ಎಂದಿನದಕ್ಕೆ ಉಲ್ಟಾ ಹೊರಳಿಸುವುದಕ್ಕೆ. ಅದು ತಾಳ್ಮೆಯ ಕೆಲಸ. ಚೆಂಡಿನ ಒಂದು ಮಗ್ಗುಲು ಒರಟಾಗಿ ಒಣಗಿರಬೇಕು, ಇನ್ನೊಂದನ್ನು ಬೆವರು ಹಚ್ಚಿ ಪ್ಯಾಂಟಿಗೆ ತಿಕ್ಕಿ ಹೊಳೆಯಿಸುತ್ತಿರಬೇಕು. ಒರಟು ಮಗ್ಗುಲಿಗೆ ಒಬ್ಬನ ಒದ್ದೆ ಬೆರಳು ತಾಗಿದರೂ ಹನ್ನೊಂದು ಜನರ ದುಡಿಮೆ ನೀರುಪಾಲು. ಪಿಚ್ ಒಣಗಿರಬೇಕು, ಬೌಂಡರಿಯಿಂದ ಎಸೆಯುವಾಗ ಚೆಂಡನ್ನು ನೆಲಕ್ಕೆ ಒಂದು ಪುಟ ಹಾಕಿಸಬೇಕು. ಹೀಗೆ ಸುಮಾರು 40 ಓವರ್ ಸವೆದ ಮೇಲೆ, ಗಂಟೆಗೆ 140 ಕಿಲೋಮೀಟರಿನ ಆಸುಪಾಸಿನಲ್ಲಿ ಎಸೆಯುವವನಿದ್ದರೆ ಚೆಂಡು ಹೊಳೆಯುವ ಮಗ್ಗುಲಿನ ಕಡೆಗೆ ಸರ್ರನೆ ಹೊರಳುತ್ತದೆ. ಇಷ್ಟೆಲ್ಲ ಯಾರು ಕಾಯುತ್ತಾರೆ? ಹಾರ್ಡ್‌ವೇರ್ ಅಂಗಡಿ ಇದೆಯಲ್ಲ!

2018ರ ಮಾರ್ಚ್ 24. ದಕ್ಷಿಣ ಆಫ್ರಿಕಾ ವಿರುದ್ಧದ ಟೆಸ್ಟಿನಲ್ಲಿ ಆಸ್ಟ್ರೇಲಿಯದ ಬ್ಯಾನ್‌ಕ್ರಾಫ್ಟ್ ಎಂಬ ಹುಡುಗ ಚೆಂಡು ಉಜ್ಜಿದ್ದು ಮೈದಾನದ ದೊಡ್ಡ ಪರದೆಯ ಮೇಲೇ ಮೂಡಿತು. ಗಾಬರಿಯಾಗಿ ಪೇಪರನ್ನು ಚಡ್ಡಿಯೊಳಗೆ ತುರುಕಿಕೊಂಡ. ಅಂಪೈರ್‌ಗಳು ಕೇಳಿದಾಗ ಜೇಬಿನಿಂದ ಕನ್ನಡಕ ಒರೆಸುವ ಕರಿ ಬಟ್ಟೆ ಬಂತು. ಸಂಜೆ, ಅದು ಮಣ್ಣು ಮೆತ್ತಿದ ಟೇಪ್ ಅಂದರು. ಕೆಲವೇ ದಿನಗಳಲ್ಲಿ ಅದೇ ಟೇಪ್ ಪಾಲಿಶ್ ಪೇಪರ್ ಆಯಿತು. ಅಂಪೈರ್‌ಗಳು ಚೆಂಡು ನೋಡಿದರು, ಬದಲಿಸಲಿಲ್ಲ, ಎದುರಾಳಿಗೆ ದಂಡದ ಐದು ರನ್ನೂ ಕೊಡಲಿಲ್ಲ. ಅಂದರೆ ಉಜ್ಜಿದ್ದೂ ಸರಿಯಾಗಿ ಉಜ್ಜಿರಲಿಲ್ಲ. ಕೊನೆಗೆ ಆಸ್ಟ್ರೇಲಿಯದವರು 107ಕ್ಕೆ ಗಂಟುಮೂಟೆ ಕಟ್ಟಿ 322 ರನ್ನಿನಿಂದ ಸೋತರು. ಇದಕ್ಕೆ ಇಷ್ಟು ಪಾಪ ಕಟ್ಟಿಕೊಳ್ಳಬೇಕಿತ್ತೇ?

ಐಸಿಸಿಯ ಶಿಕ್ಷೆ ನೋಡಿ: ನಾಯಕ ಸ್ಮಿತ್‌ಗೆ ಒಂದು ಟೆಸ್ಟ್ ನಿಷೇಧ, ಪೂರ್ತಿ ಸಂಭಾವನೆ ಕಟ್. ಬ್ಯಾನ್‌ಕ್ರಾಫ್ಟ್‌ಗೆ ಮುಕ್ಕಾಲು ಸಂಭಾವನೆ ದಂಡ. ಮಾನ ಉಳಿಸಲು ಆಸ್ಟ್ರೇಲಿಯದ ಮಂಡಳಿಯೇ ಸ್ಮಿತ್, ವಾರ್ನರ್‌ರನ್ನು 12 ತಿಂಗಳು, ಬ್ಯಾನ್‌ಕ್ರಾಫ್ಟ್‌ನನ್ನು 9 ತಿಂಗಳು ಕೂರಿಸಬೇಕಾಯಿತು. ಉಪಾಯ ಹೂಡಿದ್ದು, ಹೇಗೆ ಉಜ್ಜಬೇಕೆಂದು ಮಾಡಿ ತೋರಿಸಿದ್ದು ಉಪನಾಯಕ ವಾರ್ನರ್ ಎಂದು ಬರೆದದ್ದೂ ಅದೇ ಮಂಡಳಿ. ಇನ್ನು ಬೌಲರ್‌ಗಳು! ಪೇಪರ್ ಒಳಗೆ ಬಂದದ್ದು ದೊಡ್ಡ ಪರದೆ ನೋಡುವವರೆಗೂ ಗೊತ್ತೇ ಇರಲಿಲ್ಲ ಎಂದು ನಾಲ್ವರೂ ಸೇರಿ ಹೇಳಿಕೆ ಕೊಟ್ಟರು. ಇರಬಹುದಪಾ, ಚೆಂಡು ಹಿಡಿದು ಎಸೆಯುವವರಿಗೆ ಚೆಂಡಿನ ಉಸಾಬರಿ ಯಾಕೆ?

2022ರಲ್ಲಿ ನಿಷೇಧದ ಮರುಪರಿಶೀಲನೆಗೆ ಬಹಿರಂಗ ವಿಚಾರಣೆ ಆಗಲಿ ಅಂದಾಗ ವಾರ್ನರ್ ಅರ್ಜಿಯನ್ನೇ ಹಿಂತೆಗೆದುಕೊಂಡರು. ಕ್ರಿಕೆಟಿನ ಕೊಳೆ ಬಟ್ಟೆ ಒಗೆಯಲು ತಮ್ಮ ಕುಟುಂಬ ವಾಷಿಂಗ್ ಮಷಿನ್ ಅಲ್ಲ ಅಂದರು. ಕೊಳೆ ಮಾಡಿದವರು ಯಾರು ಸ್ವಾಮಿ? ಸಾಕಾಗಿದೆ ಈ ನಾಟಕ. ರನ್ ಹೊಡೆಯುವವನಿಗೆ, ಕ್ಯಾಮೆರಾ ಮುಂದೆ ಸೊಂಟ ಕುಣಿಸುವವನಿಗೆ ಎಲ್ಲ ಮಾಫಿ. ಹಿರಿಯ ಹೇಳಿದ್ದಕ್ಕೆ ಹೂಂ ಅಂದ ಬ್ಯಾನ್‌ಕ್ರಾಫ್ಟ್‌ಗೆ ಆಗ 25 ವರ್ಷ, ಎಂಟನೇ ಟೆಸ್ಟ್. ಶಿಕ್ಷೆ ಮುಗಿಸಿ ಬಂದು 2019ರಲ್ಲಿ ಇನ್ನೆರಡು ಆಡಿದ, ಅಷ್ಟೇ. ವಾರ್ನರ್ 112 ಟೆಸ್ಟ್ ಮುಗಿಸಿ, ವಿದಾಯದ ಮರುವಾರವೇ ಮನೆಯ ಮದುವೆಯಿಂದ ಹೆಲಿಕಾಪ್ಟರಿನಲ್ಲಿ ಹಾರಿ ಬಂದು ಸಿಡ್ನಿ ಮೈದಾನದ ಹುಲ್ಲಿನ ಮೇಲೇ ಇಳಿದ, ಟಿ-ಟ್ವೆಂಟಿ ಆಡಲು.