ಹನ್ನೊಂದು ಪಾಯಿಖಾನೆ, ಒಂದೂ ಹೆಬ್ಬಾಗಿಲಿಲ್ಲ

ಬಾಲ್‌ಪೆನ್ನಿನ ನೀಲಿ ಶಾಯಿಯನ್ನು ಡ್ರಾಯಿಂಗ್ ಹಾಳೆಯಿಂದ ತೆಗೆಯುವ ವಿದ್ಯೆ ಬಲ್ಲವರು ಉಡುಪಿಯಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಕುಂಜಿಬೆಟ್ಟಿನ ನಮ್ಮ ಮನೆಗೆ ಬರಬೇಕು. ಊಟ, ಬಸ್ಸಿನ ಖರ್ಚು ಎರಡೂ ನನ್ನದು. ಬ್ಲೇಡಿನಲ್ಲಿ ಕೆರೆದು ನೋಡಿದೆ, ಹಾಳೆ ತೂತಾಗುವ ಹಂತಕ್ಕೆ ಬಂತು. ವೈಟ್ನರ್ ಬಳಿದು ನೋಡಿದೆ, ಪಾಯಿಖಾನೆಗೆ ಸುಣ್ಣ ಹೊಡೆಸಿದ ಹಾಗಾಯಿತು.

ಪಾಯಿಖಾನೆ ಎಲ್ಲಿಂದ ಬಂತು ಎಂದು ಕೇಳುತ್ತೀರಿ. ಹೇಳುತ್ತೇನೆ. ಅದಕ್ಕೂ ಮೊದಲು ಪಾರ್ಕಿನ ವಿಷಯ ಹೇಳಬೇಕು.

ನನ್ನ ವಯಸ್ಸಿನ ಗೆಳೆಯರಲ್ಲಿ ಒಬ್ಬ ತಾರಸಿಯಲ್ಲಿ ಮಲ್ಲಿಗೆ ಬೆಳೆಯುತ್ತಾನೆ. ಇನ್ನೊಬ್ಬ ತಾಳಮದ್ದಳೆಯಲ್ಲಿ ಅರ್ಥ ಹೇಳಲು ಹೋಗಿ ಬೆಳಗಿನ ಜಾವ ಮನೆ ಸೇರಿ, ಕಚೇರಿಯಲ್ಲಿ ನಿದ್ದೆ ಮಾಡುತ್ತಾನೆ. ನಾನು ಥೀಮ್ ಪಾರ್ಕ್ ವಿನ್ಯಾಸ ಮಾಡುತ್ತೇನೆ. ಕಾಗದದ ಮೇಲೆ. ಒಂದು ಸೆಂಟ್ಸ್ ಜಾಗವಿಲ್ಲ, ಒಂದು ರೂಪಾಯಿ ಬಂಡವಾಳವಿಲ್ಲ, ಮಾಡಿಕೊಡು ಎಂದು ಯಾರೂ ಕೇಳಿಲ್ಲ, ಕಟ್ಟುವವರಂತೂ ಇಲ್ಲವೇ ಇಲ್ಲ. ಈ ಹುಚ್ಚು ಹತ್ತಿದ್ದು ರೋಲರ್‌ಕೋಸ್ಟರ್ ಟೈಕೂನ್ ಎಂಬ ಕಂಪ್ಯೂಟರ್ ಆಟದಿಂದ. 1999ರಲ್ಲಿ ಬಂದ ಆ ಆಟದ ಪ್ರೋಗ್ರಾಮನ್ನು ಕ್ರಿಸ್ ಸಾಯರ್ ಎಂಬ ಪುಣ್ಯಾತ್ಮ ಹೆಚ್ಚುಕಡಿಮೆ ಒಬ್ಬನೇ ಕುಳಿತು ಅಸೆಂಬ್ಲಿ ಭಾಷೆಯಲ್ಲಿ ಬರೆದು ಮುಗಿಸಿದ. 'ಮುಗಿಸಿದ' ಎಂಬುದನ್ನು ಗಮನಿಸಿ. ಅದೊಂದು ನನಗೆ ಒಲಿಯದ ಕಲೆ.

ನನ್ನ ಪಾರ್ಕಿನಲ್ಲಿ ಇಡೀ ಕರಾವಳಿ ಇದೆ. ಅದರ ಮುಖ್ಯ ಆಕರ್ಷಣೆ ಕಂಬಳದ ರೋಲರ್‌ಕೋಸ್ಟರ್. ಎರಡು ಹಳಿ, ಎರಡು ಬಂಡಿ, ಒಟ್ಟಿಗೆ ಹೊರಟು ಒಂದನ್ನೊಂದು ಹಿಂದಿಕ್ಕುವ ಪಂದ್ಯ. ಹೊರದೇಶದವರು ಇದಕ್ಕೆ ರೇಸಿಂಗ್ ಕೋಸ್ಟರ್ ಎನ್ನುತ್ತಾರೆ. ನಮ್ಮಲ್ಲಿ ಜೋಡುಕರೆ ಎಂದುಬಿಟ್ಟರೆ ಬಾಲವಾಡಿಯ ಮಕ್ಕಳಿಗೂ ಅರ್ಥವಾಗುತ್ತದೆ. ಬಂಡಿ ಹೊರಡುವಲ್ಲಿ ಗಂತು, ತಲುಪುವಲ್ಲಿ ಮಂಜೊಟ್ಟಿ, ನಡುವೆ ನೀರು. ಕೋಣಗಳ ಹಿಂದೆ ಕಟ್ಟಿದ ಹಲಗೆಯ ಮೇಲೆ ನಿಂತು ಓಡಿಸುವ ಕನೆಹಲಗೆ ಓಟದಲ್ಲಿ ಚಿಮ್ಮಿದ ನೀರು ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಗೆ ತಾಗಬೇಕಲ್ಲ, ನನ್ನ ಬಂಡಿಯ ನೀರೂ ತಾಗಬೇಕು. ತಾಗಿದರೆ ಧ್ವನಿವರ್ಧಕದಲ್ಲಿ ಘೋಷಣೆ, ಸುತ್ತ ನಿಂತವರಿಗೆ ಸ್ನಾನ. ದೈವಗಳ ತಂಟೆಗೆ ಮಾತ್ರ ನಾನು ಹೋಗಿಲ್ಲ. ಟಿಕೆಟು ಇಟ್ಟು ತೋರಿಸಬಾರದ್ದು ಯಾವುದು ಎಂಬ ಬುದ್ಧಿ ಈ ಊರಿನಲ್ಲಿ ಹುಟ್ಟಿದವನಿಗೆ ತಾಯಿಯ ಹಾಲಿನ ಜೊತೆಯಲ್ಲೇ ಬಂದಿರುತ್ತದೆ.

ಇದೆಲ್ಲ ತಲೆಯೊಳಗೆ ತುಂಬಿತ್ತು. ಹಾಳೆಯ ಮೇಲೆ ಇದ್ದದ್ದು ಹೆಬ್ಬಾಗಿಲು, ಒಂದು ಮೂಲೆಯಲ್ಲಿ ಬಂಡಿ ತಲೆಕೆಳಗಾಗುವ ಒಂದು ಸುತ್ತು, ಅಷ್ಟೇ. ಹೆಬ್ಬಾಗಿಲೂ ಅರ್ಧ.

ಹೆಬ್ಬಾಗಿಲಿಗೆ ಮಂಗಳೂರು ಹಂಚಿನ ಮಾಡು ಬೇಕು ಎಂದು ನಿರ್ಧರಿಸಿದ್ದೇ ನನಗೆ ಶನಿ ವಕ್ಕರಿಸಿದ ಗಳಿಗೆ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಅವರು ಹಂಚು ಸುಟ್ಟು, ಹಡಗಿಗೆ ಹಾಕಿ, ದೇಶಾಂತರಕ್ಕೆ ಕಳುಹಿಸಿಬಿಟ್ಟರು; ನನಗೆ ಅದೇ ಹಂಚನ್ನು ಕಾಗದದ ಮೇಲೆ ಸಾಲಾಗಿ ಹೊದೆಸಲು ಆಗುತ್ತಿಲ್ಲ. 1:200ರ ಅಳತೆಯಲ್ಲಿ ಒಂದು ಹಂಚು ಎರಡು ಮಿಲಿಮೀಟರ್ ಉದ್ದ ಬರುತ್ತದೆ. ಆ ಎರಡು ಮಿಲಿಮೀಟರಿನೊಳಗೆ ಹಂಚಿನ ಏಣು ಕಾಣಬೇಕು, ಮೇಲಿನ ಸಾಲು ಕೆಳಗಿನ ಸಾಲನ್ನು ಕಚ್ಚಿದ್ದು ಕಾಣಬೇಕು, ಮೂಲೆಹಂಚು ಬೇರೆ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಒಂದು ಹಂಚು ಓರೆ. ರಬ್ಬರ್ ಹಾಕಿದರೆ ಪಕ್ಕದ ಹಂಚೂ ಹೋಗುತ್ತದೆ. ಹೊಸ ಹಾಳೆ. ಪೇಟೆಯ ಸ್ಟೇಷನರಿ ಅಂಗಡಿಯವರು ನನ್ನನ್ನು ಯಾವುದೋ ಶಾಲೆಯ ಡ್ರಾಯಿಂಗ್ ಮೇಷ್ಟರೆಂದು ತಿಳಿದು ರಿಯಾಯಿತಿ ಕೊಡುತ್ತಾರೆ. ನಾನೂ ಅವರ ನಂಬಿಕೆಗೆ ಭಂಗ ತಂದಿಲ್ಲ.

ಹೆಂಡತಿ ಇದನ್ನು ಪಾರ್ಕು ಎನ್ನುವುದಿಲ್ಲ. "ನಿಮ್ಮ ಜಾತ್ರೆ ಎಲ್ಲಿಗೆ ಬಂತು?" ಎಂದು ಕೇಳುತ್ತಾಳೆ.

"ಹಂಚು ಹೊದೆಸುತ್ತಿದ್ದೇನೆ."

"ಹೋದ ಮಳೆಗಾಲದಲ್ಲೂ ಅದನ್ನೇ ಹೇಳಿದಿರಿ. ಕೈ ಹೇಗೂ ಪಳಗಿದೆ, ಅಡುಗೆಮನೆಯ ಮಾಡಿನಲ್ಲಿ ಎರಡು ಹಂಚು ಒಡೆದಿವೆ, ಅದನ್ನೂ ನೋಡಿ."

ವಾಲ್ಟ್ ಡಿಸ್ನಿಗೆ ಮನೆಯಲ್ಲಿ ಇಂಥ ಮಾತು ಕೇಳಬೇಕಾಗಿತ್ತೋ ಇಲ್ಲವೋ. ಆತ ಅಮೆರಿಕದ ಅನಾಹೈಮ್‌ನ ಕಿತ್ತಳೆ ತೋಟ ಕಡಿಸಿ 1954ರ ಜುಲೈಯಲ್ಲಿ ಕೆಲಸ ಶುರು ಮಾಡಿಸಿದ. 1955ರ ಜುಲೈ 17ಕ್ಕೆ ಡಿಸ್ನಿಲ್ಯಾಂಡ್ ತೆರೆಯಿತು. ಒಂದು ವರ್ಷ! ನಮ್ಮ ಹೆದ್ದಾರಿಯ ಪಕ್ಕ ಕಾಮಗಾರಿಗೆಂದು ನಿಲ್ಲಿಸಿದ ತಗಡು ಒಂದು ವರ್ಷದಲ್ಲಿ ತುಕ್ಕು ಸಹ ಹಿಡಿದಿರುವುದಿಲ್ಲ. ಆರಂಭದ ದಿನ ಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಚಪ್ಪಲಿಯ ಹಿಮ್ಮಡಿ ಅದರಲ್ಲಿ ಹೂತುಕೊಂಡಿತು. ನಕಲಿ ಟಿಕೆಟು ಹಿಡಿದವರು ಸಾವಿರಗಟ್ಟಲೆ ನುಗ್ಗಿದರು. ಆದರೂ ತೆರೆದ. ಲೋಕದಲ್ಲಿ ಕಲ್ಪನೆ ಇರುವವರೆಗೂ ಡಿಸ್ನಿಲ್ಯಾಂಡ್ ಪೂರ್ತಿಯಾಗುವುದಿಲ್ಲ ಎಂಬರ್ಥದ ಮಾತನ್ನೂ ಆತ ಹೇಳಿದ್ದಾನೆ. ಅದನ್ನು ಬರೆದು ಮೇಜಿನ ಎದುರು ಅಂಟಿಸಿಕೊಂಡಿದ್ದೇನೆ. ಅವನದು ತೆರೆದ ಮೇಲೆ ಪೂರ್ತಿಯಾಗಲಿಲ್ಲ, ನನ್ನದು ತೆರೆಯುವ ಮೊದಲೇ ಆಗುತ್ತಿಲ್ಲ, ಸಣ್ಣ ವ್ಯತ್ಯಾಸ.

ಇನ್ನು ಮಾವ.

ಅಮ್ಮನ ತಮ್ಮ, ಕಟಪಾಡಿಯವರು, ನಿವೃತ್ತ ಬ್ಯಾಂಕ್ ಮ್ಯಾನೇಜರ್. ಬ್ಯಾಂಕುಗಳ ತವರು ಎನ್ನಿಸಿಕೊಂಡ ಈ ಸೀಮೆಯಲ್ಲಿ ಪ್ರತಿ ಕುಟುಂಬಕ್ಕೂ ಒಬ್ಬ ನಿವೃತ್ತ ಮ್ಯಾನೇಜರ್ ಇದ್ದೇ ಇರುತ್ತಾರೆ, ಆದ್ದರಿಂದ ನಿಮಗೆ ಹೆಚ್ಚು ವಿವರಿಸಬೇಕಾಗಿಲ್ಲ. ಮಾವ ನಿವೃತ್ತರಾದರು, ಸಾಲದ ಅರ್ಜಿ ನೋಡುವ ಅವರ ಕಣ್ಣು ನಿವೃತ್ತವಾಗಲಿಲ್ಲ. ಮದುವೆಗೆ ಹೋದರೆ ವಧೂವರರನ್ನು ನೋಡುವ ಮೊದಲು ಒಂದು ಪಂಕ್ತಿಗೆ ಎಷ್ಟು ಎಲೆ ಎಂದು ವಿಚಾರಿಸುತ್ತಾರೆ. ಗೃಹಪ್ರವೇಶದ ಮನೆಯಲ್ಲಿ ಎಲ್ಲರೂ ದೇವರ ಕೋಣೆಗೆ ಹೋದರೆ ಮಾವ ನೇರ ಹಿತ್ತಲಿಗೆ ಹೋಗಿ ಬಚ್ಚಲಿನ ನೀರು ಯಾವ ಕಡೆ ಹರಿಯುತ್ತದೆ ಎಂದು ಬಗ್ಗಿ ನೋಡುತ್ತಾರೆ. ತಂಗಿ ಹೆತ್ತಾಗ ಆಸ್ಪತ್ರೆಗೆ ಬಂದವರು, ತೊಟ್ಟಿಲೊಳಗಿನ ಕೂಸನ್ನು ಎರಡು ಕ್ಷಣ ನೋಡಿ ಕೇಳಿದ್ದು, "ಜನನ ಪ್ರಮಾಣಪತ್ರಕ್ಕೆ ಬರೆದುಕೊಟ್ಟಿರಾ?"

ಭಾನುವಾರ ಕೃಷ್ಣಮಠದಲ್ಲಿ ದರ್ಶನ, ರಥಬೀದಿಗೆ ಒಂದು ಸುತ್ತು, ಆಮೇಲೆ ನಮ್ಮ ಮನೆ. ಬಂದವರೇ ಕನ್ನಡಕ ಏರಿಸಿ, ಕೈ ಹಿಂದೆ ಕಟ್ಟಿ, ನನ್ನ ಹಾಳೆಯ ಮೇಲೆ ಬಾಗುತ್ತಾರೆ. ಬಹಳ ಹೊತ್ತು ನೋಡುತ್ತಾರೆ. ಆಮೇಲೆ ಹೇಳುತ್ತಾರೆ:

"ಎಲ್ಲ ಸರಿ ಮಾಣಿ, ಪಾಯಿಖಾನೆ ಎಲ್ಲಿ?"

ನನಗೆ ನಲವತ್ತು ದಾಟಿದೆ. ಮಾವನಿಗೆ ನಾನು ಇನ್ನೂ ಮಾಣಿ. ಇರಲಿ. "ಅದು ಆಮೇಲೆ ಬರುತ್ತದೆ ಮಾವ" ಎಂದರೆ, "ಬಂದವರೂ ಆಮೇಲೆ ಎನ್ನುತ್ತಾರೆಯೇ?" ಎನ್ನುತ್ತಾರೆ.

ಮಾತು ಮರೆಸಲು ನಾನು ಮಾಡದ ಪ್ರಯತ್ನವಿಲ್ಲ. ಡಿಸ್ನಿಲ್ಯಾಂಡಿನ ಅರಮನೆ ಬರೀ 77 ಅಡಿ ಎತ್ತರ, ಮೇಲೆ ಹೋದಂತೆ ಎಲ್ಲವನ್ನೂ ಸಣ್ಣದಾಗಿಸುತ್ತ ಹೋಗಿ ಕಣ್ಣಿಗೆ ಅದು ಬಹಳ ಎತ್ತರ ಕಾಣುವಂತೆ ಮಾಡಿದ್ದಾರೆ ಎಂದು ವಿವರಿಸಿದೆ. ಮಾವ ತಲೆದೂಗಿ ಕೇಳಿದರು: "ಒಳಗೆ ಪಾಯಿಖಾನೆ ಇದೆಯೇ?" ಕೋಸ್ಟರಿನ ಸುತ್ತನ್ನು ತೋರಿಸಿದೆ. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಬಳೆಯಷ್ಟು ದುಂಡಗೆ ಕಟ್ಟಿ ಜನರ ಕುತ್ತಿಗೆ ಉಳುಕಿಸಿದ್ದು, 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದನ್ನೇ ಕಣ್ಣೀರ ಹನಿಯ ಆಕಾರಕ್ಕೆ ತಂದು ಗೆದ್ದದ್ದು, ಆ ವಕ್ರರೇಖೆಯನ್ನು ನಾನು ಎಷ್ಟು ರಾತ್ರಿ ತಿದ್ದಿದ್ದೇನೆ ಎನ್ನುವುದು, ಎಲ್ಲ ಹೇಳಿದೆ. ಮಾವ ಹುಟ್ಟಿದಾರಭ್ಯ ಕಂಬಳ ನೋಡಿದವರು. "ಕೋಣ ಎಲ್ಲಿಯಾದರೂ ತಲೆಕೆಳಗಾಗಿ ಓಡುತ್ತದೆಯೇ?" ಎಂದರು. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಸುತ್ತನ್ನು ತೆಗೆಯುವುದೂ ಇಲ್ಲ.

ಕೊನೆಗೆ ಕಂಪ್ಯೂಟರಿನಲ್ಲಿ ಆಟವನ್ನೇ ತೆರೆದು ತೋರಿಸಿದೆ. ಅದರೊಳಗೆ ಓಡಾಡುವ ಇರುವೆಯಷ್ಟು ಮನುಷ್ಯರ ಮೇಲೆ ಒತ್ತಿದರೆ ಅವರ ಮನಸ್ಸಿನಲ್ಲಿ ಏನಿದೆ ಎಂದು ಬರೆದು ತೋರಿಸುತ್ತದೆ. ಸವಾರಿಯ ಬಗ್ಗೆ, ಅಲಂಕಾರದ ಬಗ್ಗೆ ಅವರು ಆಡುವ ಮೆಚ್ಚುಗೆಯ ಮಾತು ಮಾವನಿಗೆ ಕಾಣಲಿ ಎಂಬ ಆಸೆಯಿಂದ ಒಬ್ಬನ ಮೇಲೆ ಒತ್ತಿದೆ. ತನಗೆ ಶೌಚಾಲಯಕ್ಕೆ ಹೋಗಬೇಕಾಗಿದೆ ಎಂದು ಅವನು ಯೋಚಿಸುತ್ತಿದ್ದ. ಮಾವ ಕನ್ನಡಕ ತೆಗೆದು ನನ್ನನ್ನು ನೋಡಿದರು. ಒಂದು ಮಾತು ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು.

ಮೊನ್ನೆ ಭಾನುವಾರದ ಕಥೆ ಇದಕ್ಕಿಂತ ಮುಂದಿನದು. ಬನ್ಸ್ ತರಲೆಂದು ನಾನು ಅಡುಗೆಮನೆಗೆ ಹೋಗಿದ್ದೆ. ಎಣ್ಣೆಯಲ್ಲಿದ್ದ ಬನ್ಸ್ ಉಬ್ಬುವಷ್ಟು ಹೊತ್ತು, ಹೆಚ್ಚಿಲ್ಲ. ತಟ್ಟೆ ಹಿಡಿದು ಬಂದಾಗ ಮಾವ ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸುತ್ತಿದ್ದರು. ಹಾಳೆಯ ತುಂಬ ನೀಲಿ ಚೌಕಗಳು. ಹನ್ನೊಂದು. ಪ್ರತಿ ಚೌಕಕ್ಕೂ ನಡುವೆ ಗೆರೆ ಎಳೆದು ಒಂದು ಕಡೆ 'ಗಂ', ಇನ್ನೊಂದು ಕಡೆ 'ಹೆಂ'. ಒಂದು ಚೌಕ ಸರಿಯಾಗಿ ನನ್ನ ಹಂಚಿನ ಮಾಡಿನ ಮೇಲೆಯೇ, ಎರಡನೆಯ ಸಾಲಿನಿಂದ ನಾಲ್ಕನೆಯ ಸಾಲಿನವರೆಗೆ. ಸಾಲದ್ದಕ್ಕೆ ಪ್ರತಿ ಚೌಕದ ಪಕ್ಕದಲ್ಲೂ ಮಾವನ ಚುಟುಕು ಸಹಿ, ತಾರೀಕು.

"ಸಹಿ ಯಾಕೆ ಮಾವ?"

"ತಿದ್ದುಪಡಿ ಮಾಡಿದ ಮೇಲೆ ಸಹಿ ಹಾಕಬೇಕಲ್ಲ ಮಾಣಿ. ನಾಳೆ ಇನ್ಯಾರಾದರೂ ಬಂದು ಹನ್ನೆರಡನೆಯದು ಸೇರಿಸಿದರೆ?"

ನನ್ನ ಮುಖ ಹೇಗಾಗಿತ್ತೋ, ಮಾವ ಸಮಾಧಾನ ಹೇಳಲು ತೊಡಗಿದರು. ಅದಕ್ಕೆ ಅವರು ಬಳಸಿದ್ದು ನಾನೇ ಹಿಂದೊಮ್ಮೆ ಹೇಳಿದ್ದ ಕಥೆಯನ್ನು. ಡಿಸ್ನಿಲ್ಯಾಂಡ್ ತೆರೆಯುವ ಹೊತ್ತಿಗೆ ಪ್ಲಂಬರ್‌ಗಳ ಮುಷ್ಕರವಾಗಿ, ಕುಡಿಯುವ ನೀರಿನ ನಲ್ಲಿಗಳು ಬೇಕೋ ಶೌಚಾಲಯ ಬೇಕೋ ಎಂಬ ಪ್ರಶ್ನೆ ಬಂದಾಗ ಡಿಸ್ನಿ ಶೌಚಾಲಯವನ್ನು ಆರಿಸಿಕೊಂಡ. ಉರಿಬಿಸಿಲಿನಲ್ಲಿ ಬಾಯಾರಿದ ಜನ, ತಂಪು ಪಾನೀಯ ಮಾರುವ ಹುನ್ನಾರ ಇದು ಎಂದು ಬೈದರು. "ಅಷ್ಟು ದೊಡ್ಡ ಮನುಷ್ಯ ಬೈಸಿಕೊಂಡ, ಪಾಯಿಖಾನೆ ಬಿಡಲಿಲ್ಲ" ಎಂದು ಮಾವ ಸುಪ್ರೀಂ ಕೋರ್ಟಿನ ತೀರ್ಪು ಉದ್ಧರಿಸುವ ಗಾಂಭೀರ್ಯದಲ್ಲಿ ಹೇಳಿದರು.

ಆಗ ಗಮನಿಸಿದೆ: ಎಲ್ಲ ಚೌಕಗಳಲ್ಲೂ 'ಹೆಂ' ಇದ್ದ ಭಾಗ ದೊಡ್ಡದು. ಯಾಕೆ ಎಂದು ಕೇಳಿದೆ.

"ಎಲ್‌ಎಫ್‌ಸಿ ಸಿಕ್ಕಿತ್ತಲ್ಲ, ಬ್ಯಾಂಕಿನ ಖರ್ಚಿನಲ್ಲಿ ರಜೆಯ ಪ್ರಯಾಣ, ಆಗ ಒಂದು ದೊಡ್ಡ ಪಾರ್ಕಿಗೆ ಹೋಗಿದ್ದೆವು" ಎಂದರು ಮಾವ, ಬನ್ಸ್ ಮುರಿಯುತ್ತ. "ನಿನ್ನ ಅತ್ತೆಗೆ ಸಕ್ಕರೆ ಕಾಯಿಲೆ, ಗೊತ್ತಲ್ಲ. ಇಡೀ ದಿನ ಅವಳು ಆ ಸಾಲಿನಲ್ಲೇ ನಿಂತಳು. ಆಕಾಶಕ್ಕೇರಿ ತಿರುಗುವ ತೊಟ್ಟಿಲಿನಲ್ಲಿ ಕುಳಿತುಕೊಳ್ಳಬೇಕು ಎಂದು ಬಹಳ ಇತ್ತು ಅವಳಿಗೆ. ಸರದಿ ಮುಗಿಸಿ ಬರುವಷ್ಟರಲ್ಲಿ ತೊಟ್ಟಿಲು ನಿಲ್ಲಿಸಿದ್ದರು."

ಅತ್ತೆ ಈಗ ಇಲ್ಲ. ನಾನು ಸಣ್ಣವನಿದ್ದಾಗ ಜಾತ್ರೆಯ ಮರದ ತೊಟ್ಟಿಲಿಗೆ ನನ್ನನ್ನು ಹತ್ತಿಸಿಕೊಂಡು ಹೋಗುತ್ತಿದ್ದವರು ಅವರೇ. ಮೋಟಾರು ಇರಲಿಲ್ಲ, ಇಬ್ಬರು ಗಂಡಸರು ಅಡ್ಡಪಟ್ಟಿಗಳ ಮೇಲೆ ಏರಿ ಮೈಭಾರ ಹಾಕಿ ಅದನ್ನು ತಿರುಗಿಸುತ್ತಿದ್ದರು. ಮೇಲೆ ಹೋದಾಗ ಅತ್ತೆ ನನ್ನ ಕೈ ಹಿಡಿದು, ತಮ್ಮ ಕಣ್ಣು ಮುಚ್ಚಿಕೊಂಡು, "ಏನು ಕಾಣುತ್ತದೆ ಹೇಳು" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಕಾಣದ್ದನ್ನೂ ಸೇರಿಸಿ ಹೇಳುತ್ತಿದ್ದೆ.

"ಚಟ್ನಿ ಇಲ್ಲವೇ?" ಎಂದು ಕೇಳಿದರು ಮಾವ.

ಅವರು ಬಸ್ಸು ಹತ್ತಿದ ಮೇಲೆ ಬ್ಲೇಡು, ವೈಟ್ನರ್ ಎಲ್ಲ ಆಯಿತು. ಹೊಸ ಹಾಳೆ ತರೋಣವೆಂದರೆ ಭಾನುವಾರ ಅಂಗಡಿಯಿಲ್ಲ. ಹೇಗೂ ಹಾಳಾಗಿದೆ, ಇನ್ನು ಕೆಡಲು ಏನಿದೆ ಎಂಬ ಸಿಟ್ಟಿನಲ್ಲಿ ನಾನೂ ಒಂದು ಬಾಲ್‌ಪೆನ್ ಹುಡುಕಿ ತೆಗೆದೆ. ಹನ್ನೊಂದು ಪಾಯಿಖಾನೆ ಇದ್ದ ಮೇಲೆ ಅಲ್ಲಿಗೆ ದಾರಿ ಬೇಡವೇ? ಎಳೆದೆ. ದಾರಿ ಬಂದ ಮೇಲೆ ಎರಡು ಬದಿಗೆ ಏನಾದರೂ ಬೇಡವೇ? ಪಾಯಿಖಾನೆಯ ಗಾಳಿ ಬೀಸದ ಕಡೆಗೆ ನೀರುದೋಸೆಯ ಅಂಗಡಿ, ಗಡ್‌ಬಡ್ ಐಸ್‌ಕ್ರೀಮು. ಬಹಳ ಹೊತ್ತು ಸಾಲಿನಲ್ಲಿ ನಿಲ್ಲಬೇಕಾದ ಜೋಡುಕರೆಯ ಬಾಗಿಲಿಗೆ ಒಂದು ಚೌಕ ತಾನಾಗಿ ಹತ್ತಿರ ಬಂದಿತ್ತು. ಇದರಲ್ಲಿ ಮಾವನ ಹೆಚ್ಚುಗಾರಿಕೆ ಏನೂ ಇಲ್ಲ, ಆಕಸ್ಮಿಕ. ಹುಲಿವೇಷದ ಬೀದಿ, ದೋಣಿಯ ಸವಾರಿ, ಯಕ್ಷಗಾನದ ರಂಗಸ್ಥಳ, ಅದರ ಹಿಂದೆ ವೇಷ ಕಟ್ಟುವ ಚೌಕಿ. ಗೆರೆಗಳು ಸೊಟ್ಟಗಿದ್ದವು, ತಿದ್ದಲು ರಬ್ಬರಿನಿಂದ ಆಗುತ್ತಿರಲಿಲ್ಲ, ಆದ್ದರಿಂದ ತಿದ್ದಲಿಲ್ಲ. ಹೆಂಡತಿ ಎದ್ದು ಬಂದು, "ಇನ್ನೂ ಹಂಚೇ?" ಎಂದು ನೋಡಿ, ಸುಮ್ಮನೆ ಹೋಗಿ ಮಲಗಿದಳು.

ಹೆಬ್ಬಾಗಿಲು ಇದ್ದ ಜಾಗದಲ್ಲಿ ಈಗ ಪಾಯಿಖಾನೆ ಇದೆಯಲ್ಲ, ಅದರ ಎಡಕ್ಕೆ ಎರಡು ಅಡಕೆ ಮರ ನೆಟ್ಟು ಮಾವಿನ ತೋರಣ ಕಟ್ಟಿದ್ದೇನೆ. ನಮ್ಮೂರಿನ ಎಷ್ಟೋ ದೊಡ್ಡ ಸಮಾರಂಭಗಳಿಗೆ ಜನ ಒಳಗೆ ಹೋದದ್ದು ಇಂಥ ಬಾಗಿಲಿನಿಂದಲೇ. ಎಲ್ಲಕ್ಕಿಂತ ದೊಡ್ಡ 'ಹೆಂ' ಇರುವ ಚೌಕದ ಎದುರಿಗೆ ತೊಟ್ಟಿಲು ಇಟ್ಟೆ. ಮಾವನಿಗೆ ಅದನ್ನು ಹೇಳಿಲ್ಲ.

ಆದರೂ ಸಿಟ್ಟು ಇಳಿದಿಲ್ಲ. ಹನ್ನೊಂದು ಸಹಿ ಇರುವ ನಕ್ಷೆಯನ್ನು ಯಾರಿಗೆ ತೋರಿಸುವುದು? ಮುಟ್ಟುಗೋಲು ಹಾಕಿಕೊಂಡ ಆಸ್ತಿ ಎಂದುಕೊಂಡಾರು. ಹೀಗೆ ಯೋಚಿಸುತ್ತಿರುವಾಗ ನಿನ್ನೆ ಮಾವನ ಫೋನು ಬಂತು. ಅಜ್ಜರಕಾಡಿನ ಪಾರ್ಕಿನಲ್ಲಿ ತಮ್ಮ ನಿವೃತ್ತ ಗೆಳೆಯರಿಗೆಲ್ಲ ನನ್ನ ಪಾರ್ಕಿನ ವಿಷಯ ಹೇಳಿದ್ದಾರಂತೆ, ಎಲ್ಲರಿಗೂ ಬಹಳ ಆಸಕ್ತಿಯಂತೆ. ಅವರಲ್ಲಿ ಒಬ್ಬರು ಎಂಜಿನಿಯರ್ ಆಗಿದ್ದವರು. ಹನ್ನೊಂದಕ್ಕೂ ಸೇರಿ ಒಂದೇ ಸೆಪ್ಟಿಕ್ ಟ್ಯಾಂಕ್ ಸಾಕಾಗುತ್ತದೆಯೇ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ನಮ್ಮ ಮಳೆಗೆ ಅದು ತುಂಬಿ ಹರಿದರೆ ಜೋಡುಕರೆಯ ನೀರಿಗೆ ಸೇರುವುದಿಲ್ಲವೇ, ಆ ನೀರೇ ಅಲ್ಲವೇ ನಿಶಾನೆಯವರೆಗೆ ಚಿಮ್ಮುವುದು ಎಂದು ಅವರು ಕೇಳಿದ್ದಾರೆ. ಭಾನುವಾರ ನಾಲ್ಕು ಜನ ಬರುತ್ತಾರೆ. ಬನ್ಸ್‌ಗೆ ಸಕ್ಕರೆ ಕಡಿಮೆ ಹಾಕಿಸಬೇಕಂತೆ.