ಸಕ್ಕಿಂಗ್ ಗಾಡಿ ಎಲ್ಲಿ ಖಾಲಿಯಾಗುತ್ತದೆ?

ನಮ್ಮದು ಸಿಂಧನೂರು ಸೀಮೆ, ತುಂಗಭದ್ರಾ ಎಡದಂಡೆ ಕಾಲುವೆಗೆ ಹತ್ತಿದ ಸಣ್ಣ ಪಟ್ಟಣ. ಕಾಲುವೆಗೆ ನೀರು ಬಿಡಿ ಅಂತ ಇಲ್ಲಿ ಎಷ್ಟು ಹೋರಾಟ ಆಗಿದೆಯೋ, ಬಳಸಿ ಬಿಟ್ಟ ನೀರಿನ ಬಗ್ಗೆ ಅದರಲ್ಲಿ ಕಾಲುಭಾಗವೂ ಆಗಿಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಕೊಪ್ಪಳ ಜಿಲ್ಲೆಯ ಬಸರಿಹಾಳದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅಷ್ಟಾದ ಮೇಲೂ ನಳದ ನೀರಿಗೂ ಗಟಾರದ ನೀರಿಗೂ ಸಂಬಂಧವೇ ಇಲ್ಲವೆಂಬಂತೆ ಇದ್ದೇವೆ. ನನಗೆ ಸಂಕಟವಾಗುವುದು ಇದಕ್ಕೆ.

ಮೊದಲು ನಮ್ಮ ಮಣ್ಣಿನ ವಿಷಯ. ಪಾಯಿಖಾನೆಯ ಸೆಪ್ಟಿಕ್ ಟ್ಯಾಂಕಿನಲ್ಲಿ ಗಟ್ಟಿ ಹೊಲಸು ತಳಕ್ಕೆ ಕೂರಬೇಕು, ತಿಳಿ ನೀರು ಹೊರಗೆ ಹೋಗಿ ಇಂಗುಗುಂಡಿಯಲ್ಲಿ ಇಂಗಬೇಕು. ಮಸಾರಿ, ಅಂದರೆ ಕೆಂಪು ಮಣ್ಣಿನ ಭೂಮಿಯಲ್ಲಿ ಇದು ನಡೆದೀತು. ನಮ್ಮ ಕಪ್ಪು ಎರೆ ಮಣ್ಣು ಒಮ್ಮೆ ನೀರು ಕುಡಿದು ಉಬ್ಬಿತೆಂದರೆ ಇಂಗುವುದು ಹೆಚ್ಚುಕಡಿಮೆ ನಿಂತಂತೆಯೇ. ಆಗ ಮೇಸ್ತ್ರಿ ಮಾಡುವುದು ಒಂದೇ ಕೆಲಸ: ನಾಲ್ಕಿಂಚಿನ ಪೈಪು ಹಾಕಿ ಗಟಾರಕ್ಕೆ ಬಿಡುವುದು. ನಮ್ಮ ಓಣಿಯಲ್ಲಿ ಗಟಾರ ನೋಡುತ್ತ ನಡೆಯಿರಿ. ಮನೆಗೊಂದು ಪೈಪಿನ ಬಾಯಿ, ಅದರ ಕೆಳಗೆ ಕರ್ರನೆಯ ಲೋಳೆ, ಆ ಲೋಳೆಗೆ ತಾಗಿಕೊಂಡೇ ಗಟಾರ ದಾಟುವ ನಳದ ಪೈಪು. ನೀರು ಬಂದ್ ಆದಾಗ ಖಾಲಿ ಪೈಪು ಸಡಿಲ ಜಾಯಿಂಟಿನಿಂದ ಹೊರಗಿನ ಹೊಲಸನ್ನು ಒಳಗೆಳೆದುಕೊಳ್ಳುತ್ತದೆ. ಮರುದಿನ ನೀರು ಬಿಟ್ಟಾಗ ಮೊದಲ ಕೊಡಕ್ಕೆ ಬರುವುದು ಅದೇ.

ಟ್ಯಾಂಕ್ ಪೂರಾ ತುಂಬಿದರೆ ಹೊಲಸು ಹೀರಿಕೊಂಡು ಹೋಗುವ ಸಕ್ಕಿಂಗ್ ಗಾಡಿ ಕರೆಸುತ್ತೇವೆ. ಗಾಡಿ ಓಡಿಸುವ ಹುಡುಗನನ್ನು ಕೇಳಿದೆ, ಇದನ್ನೆಲ್ಲ ಎಲ್ಲಿ ಚೆಲ್ತೀಯಪ್ಪಾ ಅಂತ. "ಎಲ್ಲಿ ಚೆಲ್ಲಬೇಕು ನೀವ ಹೇಳ್ರಿ ಅಣ್ಣಾರ, ಅಲ್ಲೇ ಚೆಲ್ತೀನಿ" ಅಂದ. ಅವನದೇನು ತಪ್ಪು? ಅವನಿಗೆ ಅಂತ ಒಂದು ಜಾಗ ಯಾರೂ ತೋರಿಸಿಲ್ಲ. ಕತ್ತಲಾದ ಮೇಲೆ ಹಳ್ಳದ ದಂಡೆಗೆ ಹೋಗಿ ವಾಲ್ವ್ ಬಿಡುತ್ತಾನೆ. ಹಳ್ಳದ ಕೆಳಗೆ ಕಾಲುವೆ ನೀರು ಮುಟ್ಟದ ಕೊನೆಭಾಗದ ರೈತರು ಅದೇ ನೀರಿಗೆ ಮೋಟರ್ ಇಟ್ಟು ನೆಲ್ಲು ಬೆಳೆಯುತ್ತಾರೆ. ನಾಟಿ ಹಚ್ಚುವ ಹೆಣ್ಣುಮಕ್ಕಳು ಕಾಲಿಗೆ ಬೇವಿನೆಣ್ಣೆ ಹಚ್ಚಿಕೊಂಡು ಗದ್ದೆಗಿಳಿಯುತ್ತಾರೆ, ಆದರೂ ತುರಿಕೆ ಬಿಡುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಕೋಟಿಗಟ್ಟಲೆ ಸುರಿದು ಹೊಲಸು ನೀರು ಶುದ್ಧ ಮಾಡುವ ದೊಡ್ಡ ಮಷೀನಿನ ಘಟಕ ಕಟ್ಟೋಣ ಅನ್ನುವವರ ಜೊತೆ ನಾನಿಲ್ಲ. ದಿನವಿಡೀ ಗಾಳಿ ಊದುವ ಬ್ಲೋವರಿಗೆ ಕರೆಂಟು ಬೇಕು, ಬಿಲ್ಲು ಕಟ್ಟಬೇಕು, ಕೆಟ್ಟರೆ ರಿಪೇರಿಗೆ ಜನ ಬೇಕು. ಸಣ್ಣ ಊರಿನ ಸ್ಥಳೀಯ ಸಂಸ್ಥೆಗೆ ಇದು ಮೂರು ದಿನದ ಸಂಭ್ರಮ.

ನಮಗಿರುವ ಆಸ್ತಿ ಬಿಸಿಲು. ಸಾಲಾಗಿ ಹೊಂಡ ತೋಡಿ ಗಟಾರದ ನೀರು ಹಾಯಿಸುವ ಪದ್ಧತಿ ಬಿಸಿಲುನಾಡಿಗೆ ಹೇಳಿ ಮಾಡಿಸಿದ್ದು. ಮೊದಲ ಆಳದ ಹೊಂಡದಲ್ಲಿ ಗಸಿ ಕೂರುತ್ತದೆ, ಜಂತುಹುಳದ ಮೊಟ್ಟೆಗಳೂ ತಳ ಸೇರುತ್ತವೆ. ಎರಡನೆಯದರಲ್ಲಿ ಪಾಚಿ ಬಿಸಿಲು ಹೀರಿ ಆಮ್ಲಜನಕ ಬಿಡುತ್ತದೆ, ಆ ಉಸಿರಿನಲ್ಲಿ ಬ್ಯಾಕ್ಟೀರಿಯಾ ಹೊಲಸನ್ನು ತಿನ್ನುತ್ತವೆ. ಕೊನೆಯ ಆಳವಿಲ್ಲದ ಹೊಂಡಗಳಲ್ಲಿ ಬಿಸಿಲಿಗೇ ರೋಗಾಣು ಸಾಯುತ್ತವೆ. ಬ್ಲೋವರ್ ಬೇಕಿಲ್ಲ. ಆದರೆ ಜಾಗ ಬಹಳ ಬೇಕು, ಮೊದಲ ಹೊಂಡ ನಾರುತ್ತದೆ, ಊರಿಂದ ದೂರ ಇರಬೇಕು, ಎರೆ ಮಣ್ಣಿನ ದಂಡೆ ಕೊಚ್ಚಿಹೋಗದಂತೆ ಕಲ್ಲು ಕಟ್ಟಬೇಕು. ಕೆಲವು ವರ್ಷಕ್ಕೊಮ್ಮೆ ಹೂಳನ್ನೂ ತೆಗೆಯಬೇಕು.

ಒಬ್ಬರಿಗೆ ದಿನಕ್ಕೆ 135 ಲೀಟರ್ ಕೊಟ್ಟರೆ ಅದರಲ್ಲಿ ಶೇ. 80ರಷ್ಟು ಹೊಲಸಾಗಿ ಹೊರಬರುತ್ತದೆ ಅನ್ನುವುದು ಸರ್ಕಾರಿ ಲೆಕ್ಕ. 40 ಸಾವಿರ ಜನರ ಊರಾದರೆ ದಿನಕ್ಕೆ 43 ಲಕ್ಷ ಲೀಟರ್! ಶುದ್ಧ ಮಾಡಿ ಕೊಟ್ಟರೆ ಕೊನೆಭಾಗದ ರೈತನಿಗೆ ಬೇಸಿಗೆಯಲ್ಲೂ ನಿಲ್ಲದ ನೀರು.

ಇನ್ನು ಗಾಡಿಯ ಗಸಿ. ದೇವನಹಳ್ಳಿಯಲ್ಲಿ 2015ರಿಂದಲೇ ಅದಕ್ಕೆಂದೇ ಘಟಕವಿದೆ. ಗಾಡಿ ಅಲ್ಲಿ ಬಂದು ಖಾಲಿಯಾಗುತ್ತದೆ, ಗಸಿಯನ್ನು ಮಡಿಗಳಲ್ಲಿ ಒಣಗಿಸುತ್ತಾರೆ. ನಮ್ಮ ಏಪ್ರಿಲ್ ಬಿಸಿಲಿಗೆ ಒಣಗದ್ದು ಇನ್ನೆಲ್ಲಿ ಒಣಗೀತು? ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಇದು, ಖರ್ಚೂ ಕಡಿಮೆ.

ಬಜೆಟ್ ಸಭೆಗೆ ಮುಂಚೆ ನಿಮ್ಮ ವಾರ್ಡಿನ ಮೆಂಬರನ್ನು ಎರಡೇ ಮಾತು ಕೇಳಿ: ಸಕ್ಕಿಂಗ್ ಗಾಡಿಗೆ ಜಾಗ ಎಲ್ಲಿ, ಹೊಂಡಕ್ಕೆ ಎಷ್ಟು ಎಕರೆ. ನಮ್ಮ ಓಣಿಯವರು ಸೇರಿ ಅರ್ಜಿ ಬರೆದಿದ್ದೇವೆ. ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ, ಪ್ರತಿ ಕಳಿಸುತ್ತೇನೆ.